ಮೂವತ್ತೊಂದು ಸಲ ತಪ್ಪಾಯ್ತು

ಆ ವಿಡಿಯೋ ನೀವೂ ನೋಡಿರುತ್ತೀರಿ. ಒಬ್ಬ ಮುದುಕಿ ಕೊಡ ಹೊತ್ತುಕೊಂಡು ಬರುತ್ತಾಳೆ. ಒಂದು ಗಿಡದ ಬುಡಕ್ಕೆ ನೀರು ಹಾಕುತ್ತಾಳೆ. ಕೊಡ ಕೆಳಗಿಟ್ಟು ಎರಡು ಕಿವಿ ಹಿಡಿದುಕೊಂಡು "ತಪ್ಪಾಯ್ತು ಗಿಡವೇ" ಎನ್ನುತ್ತಾಳೆ. ಆಮೇಲೆ ಮುಂದಿನ ಗಿಡ. ಹಿನ್ನೆಲೆಯಲ್ಲಿ ಕೊಳಲು. ಒಂಬತ್ತು ಲಕ್ಷ ಜನ ಅದನ್ನು ನೋಡಿದರು. ಎಷ್ಟು ಮುಗ್ಧ ಅಜ್ಜಿ ಎಂದು ಬರೆದರು. ಕೈಮುಗಿದ ಚಿತ್ರ ಹಾಕಿದರು, ಹಸಿರು ಹೃದಯ ಹಾಕಿದರು, ಕೆಲವರು ನಗುವ ಮುಖ ಹಾಕಿದರು.

ಅವಳು ನಮ್ಮಜ್ಜಿ, ಹುಚ್ಚಕ್ಕ. ಎಪ್ಪತ್ತೆರಡು ವರ್ಷ. ವಿಡಿಯೋದಲ್ಲಿ ಕಾಣುವುದು ನಾಲ್ಕು ಗಿಡ. ನಿಜವಾಗಿ ಮೂವತ್ತೊಂದು ಗಿಡ, ಮೂವತ್ತೊಂದು ಕೊಡ. ಕೊಳಲಿನ ಕೆಳಗೆ ಇನ್ನೊಂದು ಸದ್ದಿದೆ, ಅದು ನಿಮಗೆ ಕೇಳಿಸುವುದಿಲ್ಲ. ಫೋನ್ ಹಿಡಿದವಳು ನಾನು.

ನನ್ನ ಹೆಸರು ಚೌಡೇಶ್ವರಿ. ಮದಕರಿಪುರ ದಾಟಿ ಮೂರು ಕಿಲೋಮೀಟರ್ ಹೋದರೆ ನಮ್ಮ ಹಟ್ಟಿ. ಮೂವತ್ತು ಮನೆ, ಎಲ್ಲರದ್ದೂ ಕುರಿ. ನಾನು ದುರ್ಗದ ದೊಡ್ಡ ಶಾಲೆಯಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದೆ. ಎಂಟನೇ ಕ್ಲಾಸಿನವರೆಗೆ ಬಡಮಕ್ಕಳಿಗೆ ಪುಕ್ಕಟೆ ಸೀಟು ಕೊಡುವ ಕಾಯ್ದೆ ಓದಿಸಿತು. ಒಂಬತ್ತರಿಂದ ಶಾಲೆಯವರ ದಯೆ. ದಯೆಯ ಮೇಲೆ ಓದುವವರು ಹೇಗಿರಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದವಳು ಮೂಗು ಮುಚ್ಚಿಕೊಂಡರೆ ನಾವೇ ಬೆಂಚು ಬದಲಾಯಿಸುತ್ತೇವೆ. ಕರೆದರೆ ಓಡಿಹೋಗುತ್ತೇವೆ. ನನ್ನ ತರಹ ಇನ್ನೊಬ್ಬಳಿದ್ದಳು, ಫರ್ಹಾನಾ. ಅವಳಪ್ಪ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಾರೆ. ಅವಳ ತಲೆಯಲ್ಲಿ ಹತ್ತಿ ಇರುತ್ತಿತ್ತು, ನನ್ನ ಬಟ್ಟೆಯಲ್ಲಿ ಕುರಿ ವಾಸನೆ. ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆವು.

ಆ ಶಾಲೆಯ ಹನ್ನೊಂದನೇ ಕ್ಲಾಸಿನ ಕೀರ್ತನಾ 'ಹಸಿರು ಹೃದಯ' ಎಂಬ ಬಳಗ ಕಟ್ಟಿದಳು. ಹದಿನಾರು ವರ್ಷದ ಹುಡುಗಿ. ಹೊಳಲ್ಕೆರೆ ಕಡೆ ಅವಳಪ್ಪನ ಕಲ್ಲು ಕ್ವಾರಿ ಇದೆ. ಅಪ್ಪ ಗುಡ್ಡ ಒಡೆಸುತ್ತಾನೆ, ಮಗಳು ಗಿಡ ನೆಡುತ್ತಾಳೆ, ಒಂದೇ ಮನೆಯಲ್ಲಿ ಎರಡೂ ಚೆನ್ನಾಗಿ ನಡೆಯುತ್ತದೆ. ಹೊರದೇಶದ ಕಾಲೇಜಿಗೆ ಸೇರಲು ಸಮಾಜಸೇವೆ ಮಾಡಿದ ಗಂಟೆಗಳನ್ನು ತೋರಿಸಬೇಕಂತೆ. ಅದಕ್ಕೆ ಅವಳ ಹತ್ತಿರ ಒಂದು ನೀಲಿ ಪುಸ್ತಕವಿತ್ತು. ಯಾರು, ಎಲ್ಲಿ, ಏನು ಸೇವೆ, ಎಷ್ಟು ಹೊತ್ತು ಎಂದು ಅದರಲ್ಲಿ ಬರೆಯುತ್ತಿದ್ದಳು. ಬಳಗದ ಉಸ್ತುವಾರಿಗೆ ದಯಾನಂದ ಸರ್ ಇದ್ದರು. ಉಸ್ತುವಾರಿ ಎಂದರೆ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು.

ಜೂನ್‌ನಲ್ಲಿ ಒಂದು ದಿನ ಕೀರ್ತನಾ ನಮ್ಮ ಬೆಂಚಿಗೆ ಬಂದು ನನ್ನ ಪಕ್ಕ ಕುಳಿತಳು. ಆ ಶಾಲೆಯಲ್ಲಿ ಒಂಬತ್ತು ವರ್ಷ ಓದಿದ್ದೇನೆ, ಅಂಥವರು ಪಕ್ಕದಲ್ಲಿ ಕುಳಿತದ್ದು ಅದೇ ಮೊದಲು. ನಿಮ್ಮೂರ ಕಡೆ ಗಿಡ ನೆಡಲು ಖಾಲಿ ಜಾಗ ಇದೆಯಾ ಎಂದು ಕೇಳಿದಳು. ನನಗೆ ಬಾಯಿ ತಡೆಯಲಿಲ್ಲ. ನಮ್ಮ ಹಟ್ಟಿ ಹಿಂದೆ ದಿಣ್ಣೆ ಐತೆ, ಈಗ ಖಾಲಿ ಐತೆ ಎಂದುಬಿಟ್ಟೆ.

ನಾನು ಹೇಳಿದ್ದು ಸುಳ್ಳಲ್ಲ. ಅಪ್ಪ, ಅವ್ವ, ಹಟ್ಟಿಯ ಗಂಡಸರೆಲ್ಲ ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಕಡೆ ಹೋಗುತ್ತಾರೆ. ಮಳೆ ಹಿಡಿದ ಮೇಲೆ ತಿರುಗಿ ಬರುತ್ತಾರೆ. ಹಟ್ಟಿಯಲ್ಲಿ ಉಳಿದ ಕುರಿ ಈದು ಮುಗಿದ ಮೇಲೆ, ಅವರು ಬರುವವರೆಗೆ ದಿಣ್ಣೆಯನ್ನು ನಾವು ಖಾಲಿ ಎನ್ನುತ್ತೇವೆ. ನಮ್ಮಲ್ಲಿ ಯಾರು ಯಾರಿಗೆ ಹೇಳಿದರೂ ಅದರ ಅರ್ಥ ಒಂದೇ, ಮಂದೆ ಇನ್ನೂ ಬಂದಿಲ್ಲ ಎಂದು. ಅದನ್ನು ದುರ್ಗದ ಶಾಲೆಯಲ್ಲಿ ಹೇಳಿದ್ದು ನನ್ನ ತಪ್ಪು. ಅವರಿಗೆ ಖಾಲಿ ಎಂದರೆ ತೆಗೆದುಕೊಳ್ಳಬಹುದು ಎಂದರ್ಥ.

ಆ ದಿಣ್ಣೆಗೆ ಹೆಸರಿದೆ, ಮರಿದಿಣ್ಣೆ. ಗಬ್ಬದ ಕುರಿಗಳು ಮಂದೆಯ ಜೊತೆ ಅಷ್ಟು ದೂರ ನಡೆಯಲಾರವು. ಅವನ್ನು ಹಟ್ಟಿಯಲ್ಲೇ ಬಿಟ್ಟುಹೋಗುತ್ತಾರೆ. ಅವು ಈಯುವುದು ಆ ದಿಣ್ಣೆಯ ಮೇಲೆ. ಯಾರೂ ಹೊಡೆದುಕೊಂಡು ಹೋಗಬೇಕಾಗಿಲ್ಲ. ಹೊಟ್ಟೆ ಇಳಿಬಿದ್ದ ದಿನ ಕುರಿ ತಾನಾಗಿಯೇ ಎದ್ದು, ತಾನು ಹುಟ್ಟಿದ ಜಾಗ ಹುಡುಕಿಕೊಂಡು ಹೋಗುತ್ತದೆ. ಅಜ್ಜಿ ಹಿಂದೆ ಹಿಂದೆ ಹೋಗುತ್ತಾಳೆ. ದಿಣ್ಣೆ ಹತ್ತುವ ಮೊದಲು ಚಪ್ಪಲಿ ಬಿಡುತ್ತಾಳೆ. ಮರಿ ಬಿದ್ದ ಮೇಲೆ, ಅದರ ಹಿಂದೆ ಬೀಳುವ ಮಾಸನ್ನು ಅಲ್ಲೇ ಹೂತು ಮೇಲೆ ಒಂದು ಕಲ್ಲಿಡುತ್ತಾಳೆ. ಅವಳ ಅತ್ತೆಯೂ ಅಲ್ಲೇ ಕಲ್ಲಿಟ್ಟಿದ್ದಳು, ಅತ್ತೆಯ ಅತ್ತೆಯೂ ಇಟ್ಟಿದ್ದಳು. ದಿಣ್ಣೆಯ ತುಂಬ ಅಂಥ ಕಲ್ಲುಗಳಿದ್ದವು.

ಹಟ್ಟಿಯವರು ಹತ್ತು ವರ್ಷದಿಂದ ದಿಣ್ಣೆಯ ಬುಡಕ್ಕೆ ಒಂದು ನೀರಿನ ತೊಟ್ಟಿ ಕಟ್ಟಿಸಿಕೊಡಿ ಎಂದು ಪಂಚಾಯಿತಿಗೆ ಅರ್ಜಿ ಕೊಡುತ್ತಿದ್ದರು. ಗೋಮಾಳದಲ್ಲಿ ಏನೂ ಕಟ್ಟುವಂತಿಲ್ಲ ಎನ್ನುತ್ತಿದ್ದರು. ಕೀರ್ತನಾ ಅರ್ಜಿ ಕೊಟ್ಟ ಒಂದೇ ವಾರಕ್ಕೆ ದಿಣ್ಣೆಗೆ ಬೇಲಿ ಹಾಕಲು ಅನುಮತಿ ಸಿಕ್ಕಿತು. ಅವಳಪ್ಪನ ಜೆಸಿಬಿ ಬಂತು. ತಂಗಡಿ, ಕವಳೆ, ಬನ್ನಿ, ಜಾಲಿ ಎಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದರು. ಅದೆಲ್ಲ ಕಳೆಯಂತೆ. ಮಾಸಿನ ಕಲ್ಲುಗಳನ್ನು ಗುಡಿಸಿ ಬದುವಿಗೆ ಸುರಿದರು. ಅಜ್ಜಿ ಎದೆಗೆ ಕೈ ಕಟ್ಟಿಕೊಂಡು ನೋಡುತ್ತಾ ನಿಂತಿದ್ದಳು. ನಾನು ಅವಳಿಗೆ ಇಸ್ಕೂಲಿನವರು ಅಜ್ಜಿ, ಒಳ್ಳೇದಕ್ಕೇ ಮಾಡ್ತಾರೆ ಎಂದು ಹೇಳಿದೆ.

ಗುಂಡಿಯನ್ನು ಮಾತ್ರ ಯಂತ್ರದಿಂದ ತೋಡುವ ಹಾಗಿರಲಿಲ್ಲ. ಕೈಯಿಂದಲೇ ತೋಡಿದ್ದು ಎಂದು ಕೀರ್ತನಾ ಬರೆಯಬೇಕಿತ್ತು. ಆದರೆ ಯಾರ ಕೈ ಎಂದು ಬರೆಯಬೇಕಿರಲಿಲ್ಲ. ಹಟ್ಟಿಯ ಹೆಂಗಸರನ್ನು ಕರೆದರು. ಆರುನೂರು ಗುಂಡಿ. ನಮ್ಮ ಕಡೆಯ ನೆಲ ಗೊತ್ತಲ್ಲ, ಒಂದು ಗೇಣು ಮಣ್ಣು, ಕೆಳಗೆಲ್ಲ ಕಲ್ಲು. ಹಾರೆ ಎತ್ತಿ ಹಾಕಿದರೆ ಕಿಡಿ ಹಾರಿ ಭುಜದವರೆಗೆ ನಡುಗುತ್ತದೆ. ಆರು ದಿನ ತೋಡಿದೆವು. ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಅಜ್ಜಿ ಕೂತುಕೊಂಡೇ ಸನಿಕೆಯಲ್ಲಿ ಮಣ್ಣು ಎಳೆದಳು, ಏಳುವಾಗ ನೆಲಕ್ಕೆ ಎರಡು ಕೈ ಊರಿ ಏಳುತ್ತಿದ್ದಳು. ಮಧ್ಯಾಹ್ನ ಪಲಾವಿನ ಪೊಟ್ಟಣ ಕೊಟ್ಟರು.

ಏಳನೇ ದಿನ ಶಾಲೆಯ ಬಸ್ಸು ಬಂತು. ನಲವತ್ತು ಮಕ್ಕಳು ಹಸಿರು ಟೀಶರ್ಟು, ಬಿಳಿ ಕೈಗವಸು ಹಾಕಿಕೊಂಡು ಇಳಿದರು. ಬಸರಿ, ನೇರಳೆ, ಆಲದ ಸಸಿಗಳನ್ನು ನಾವು ತೋಡಿದ ಗುಂಡಿಗೆ ಇಳಿಸಿದರು, ಫೋಟೋ ತೆಗೆಸಿಕೊಂಡರು. ಮಣ್ಣು ಮುಚ್ಚಿದ್ದು ಮತ್ತೆ ನಾವೇ. ಸಂಜೆ ಕೀರ್ತನಾ ನೀಲಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರಿನ ಮುಂದೆ ನಲವತ್ತು ಗಂಟೆ ಎಂದು ಬರೆದಳು. ನಾನೂ ಸಾಲಿನಲ್ಲಿ ನಿಂತಿದ್ದೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದೆ. ನನ್ನ ಹೆಸರು ಬರೆದಳು, ಪೆನ್ನು ನಿಲ್ಲಿಸಿದಳು.

"ಚೌಡೇಶ್ವರಿ, ಇದು ನಿನ್ನ ಸ್ವಂತ ಊರೇ ಅಲ್ವಾ? ಸ್ವಂತ ಊರಿಗೆ ಮಾಡಿದ್ದು ಸರ್ವಿಸ್ ಅಂತ ಆಗಲ್ಲ ಕಣೇ."

ದಯಾನಂದ ಸರ್ ತಲೆಯಾಡಿಸಿದರು. ನನ್ನ ಹೆಸರಿನ ಮುಂದಿನ ಜಾಗ ಹಾಗೇ ಉಳಿಯಿತು. ನಾನು ನಕ್ಕೆ. ಯಾಕೆ ನಕ್ಕೆನೋ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಮೇಲೆ ಸುತ್ತ ಮುಳ್ಳುತಂತಿ ಹಾಕಿದರು, ಗೇಟಿಗೆ ಬೀಗ ಹಾಕಿದರು. ಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬಂತು. ಮಳೆಗಾಲದಲ್ಲಿ ಅಪ್ಪ ಮಂದೆ ತಂದವನು ಬೇಲಿ ನೋಡಿ ನನ್ನ ಮುಖ ನೋಡಿದ. ನೀನೇ ತೋರಿಸ್ದೆಯಂತೆ ಎಂದ. ಸುಗ್ಗಿ ಮುಗಿದ ಮೇಲೆ ಅಪ್ಪ, ಅವ್ವ ಮತ್ತೆ ಭದ್ರಾ ಕಡೆ ಹೋದರು. ಇಪ್ಪತ್ತೆರಡು ಗಬ್ಬದ ಕುರಿ ಅಜ್ಜಿಯ ಮೇಲೆ ಬಿಟ್ಟರು. ಅವು ಈಯಲು ಜಾಗವಿರಲಿಲ್ಲ. ರಸ್ತೆಯ ಪಕ್ಕದಲ್ಲಿ ಈದವು, ಚರಂಡಿಯಲ್ಲಿ ಈದವು. ಎರಡು ಮರಿಯನ್ನು ನಾಯಿ ಎಳೆದುಕೊಂಡು ಹೋದವು. ಗೇಟು ಒಂದು ತೆಗೆಸಿಕೊಡು, ಈಯ ಕುರಿ ಮಾತ್ರ ಒಳಗೆ ಬಿಡ್ತೀನಿ, ನಾನೇ ಕಾಯ್ತೀನಿ ಎಂದು ಅಜ್ಜಿ ನನ್ನ ಹಿಂದೆ ಬಿದ್ದಳು. ನಾನು ಕೀರ್ತನಾಳನ್ನು ಕೇಳಿದೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಎಂದಳು. ಆ ದಿಣ್ಣೆ ಕೇಳುವವರು ನಾವು ಮೂವತ್ತು ಮನೆಯವರಲ್ಲದೆ ಇನ್ನಾರೂ ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ನಮ್ಮ ಕಪ್ಪು ಕುರಿ ತಂತಿ ನುಗ್ಗಿತು. ಮೈತುಂಬ ತರಚಿಕೊಂಡು ಒಳಗೆ ಹೋಗಿ, ಒಂದು ಬಸರಿ ಗಿಡದ ಗುಂಡಿಯಲ್ಲಿ ಈಯಿತು. ಗುಂಡಿಯ ಮಣ್ಣು ಮೆತ್ತಗಿತ್ತು, ಒದ್ದೆ ಇತ್ತು, ಮೇಲೆ ನೆರಳಿಗೆ ಹಸಿರು ಬಲೆ ಇತ್ತು. ನೋಯುವ ಹೊತ್ತಿನಲ್ಲಿ ಒದ್ದಾಡಿ ಮೂರು ಸಸಿ ಮುರಿದಿತ್ತು. ಅದೇ ಬೆಳಿಗ್ಗೆ ಬಳಗದ ಹನ್ನೆರಡು ಜನ ಎರಡು ಕಾರಿನಲ್ಲಿ ಬಂದರು. ಫರ್ಹಾನಾಳೂ ಬಂದಿದ್ದಳು, ವಿಡಿಯೋ ಜೋಡಿಸುವ ಕೆಲಸ ಅವಳದು. ಗೇಟಿನ ಬೀಗದ ಕೈಯೂ ಅವಳ ಹತ್ತಿರವೇ ಇರುತ್ತಿತ್ತು. ರಕ್ತ, ಮಾಸು ನೋಡಿ ಇಬ್ಬರು ಹುಡುಗಿಯರು ವಾಂತಿ ಮಾಡಿಕೊಂಡರು. ಕುರಿಯನ್ನು ಕೋಲಿನಿಂದ ಹೊಡೆದು ಹೊರಗೆ ಅಟ್ಟಿ ಗೇಟು ಹಾಕಿದರು. ಮರಿ ಒಳಗೇ ಉಳಿಯಿತು.

ಅಜ್ಜಿ ಓಡಿಬಂದಳು, ಹಿಂದೆ ನಾನು. ದಿಣ್ಣೆ ಹತ್ತುವಾಗ ಅವಳು ಎಂದಿನ ಹಾಗೆ ಚಪ್ಪಲಿ ಬಿಟ್ಟಳು. ಕೀರ್ತನಾ ಕೂಗಾಡಲಿಲ್ಲ. ಅವಳು ಯಾವತ್ತೂ ಕೂಗಾಡುವುದಿಲ್ಲ. ಪೊಲೀಸು ಗಿಲೀಸು ಬೇಡ, ನಾವು ಕೆಟ್ಟವರಲ್ಲ ಎಂದಳು. ಯಾವುದೋ ಶಿಬಿರಕ್ಕೆ ಹೋಗಿದ್ದಾಗ ಅವಳಿಗೆ ಏನೋ ಕಲಿಸಿದ್ದರಂತೆ. ನೋಯಿಸಿದವರು ನೋವುಂಡವರ ಮುಂದೆ ನಿಂತು ಕ್ಷಮೆ ಕೇಳಿದರೆ ಇಬ್ಬರ ಮನಸ್ಸೂ ಹಗುರಾಗುತ್ತದಂತೆ. ಇಲ್ಲಿ ನೋವುಂಡದ್ದು ಗಿಡ. ಮುರಿದದ್ದು ಮೂರೇ ಆದರೂ ಆ ಸಾಲಿನ ಎಲ್ಲ ಗಿಡಕ್ಕೂ ಭಯವಾಗಿರುತ್ತದೆ ಎಂದು ಒಬ್ಬ ಹುಡುಗ ಹೇಳಿದ. ಎಲ್ಲರೂ ಹೌದೆಂದರು. ಸಾಲಿನಲ್ಲಿ ಮೂವತ್ತೊಂದು ಗಿಡವಿದ್ದವು. ಪ್ರತಿ ಗಿಡಕ್ಕೂ ಒಂದು ಕೊಡ ನೀರು, ಒಂದು ಕ್ಷಮೆ.

ಮರಿಯನ್ನು ಕೀರ್ತನಾ ಎತ್ತಿಕೊಂಡಿದ್ದಳು. ಟೀಶರ್ಟಿಗೆ ರಕ್ತವಾದರೂ ಎತ್ತಿಕೊಂಡಿದ್ದಳು, ಸುಳ್ಳು ಹೇಳಬಾರದು. ಫೋಟೋ ತೆಗೆಸಿಕೊಂಡಳು. ನಾಯಿ ಬಂದಾವು, ತಾಯಿ ತುಳಿದೀತು ಎಂದು ಅದನ್ನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಎಸಿ ಹಾಕಿಸಿ, ಬಾಗಿಲು ಹಾಕಿದಳು. ಈದ ಕುರಿಗೆ ಮರಿ ಯಾವುದು ಎಂದು ಗೊತ್ತಾಗುವುದು ನೆಕ್ಕಿದಾಗ. ಮರಿಗೆ ಉಸಿರು ಹತ್ತುವುದು ಗಿಣ್ಣು ಹಾಲು ಕುಡಿದಾಗ. ಹಟ್ಟಿಯ ಐದು ವರ್ಷದ ಮಗುವಿಗೂ ಇದು ಗೊತ್ತು. ಅಜ್ಜಿ ಕೀರ್ತನಾಳ ಮುಂದೆ ಕೈ ಮುಗಿದಳು.

"ಅವ್ವಾ, ಮರಿ ಹಸ್ಕೊಂಡೈತೆ. ಒಂದ್ ಗಳಿಗೆ ತಾಯಿ ತಾವ ಬಿಡ್ರಿ, ಕುಡ್ಕಳ್ಳಿ. ಆಮ್ಯಾಲೆ ನೀವ್ ಏನ್ ಹೇಳ್ತೀರೋ ಮಾಡ್ತೀನಿ."

"ಅಜ್ಜಿ, ಮೊದಲು ಇದು ಮುಗಿಸಿಬಿಡೋಣ. ಮರಿ ಸೇಫ್ ಆಗಿದೆ. ನೀವು ಎಷ್ಟು ಬೇಗ ಮುಗಿಸ್ತೀರೋ ಅಷ್ಟು ಬೇಗ ಕೊಡ್ತೀವಿ."

ಆಮೇಲೆ ಫೋನು ನನ್ನ ಕೈಗೆ ಕೊಟ್ಟಳು. ನೀನು ಹಿಡಿದರೆ ಅಜ್ಜಿಗೆ ಸಂಕೋಚ ಆಗಲ್ಲ ಎಂದಳು. ಅಜ್ಜಿ ನನ್ನ ಕಡೆ ತಿರುಗಿದಳು.

"ಚೌಡೀ, ಹೇಳ್ಬೇಕೇನೇ?"

ಒಲ್ಲೆ ಎನ್ನಬಹುದಿತ್ತು. ಫೋನು ಎಸೆಯಬಹುದಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಶಾಲೆ, ಹತ್ತನೇ ಕ್ಲಾಸು, ಅವರ ದಯೆ. "ಹೇಳಜ್ಜಿ, ಬಿರ್ನೆ ಮುಗೀತೈತೆ" ಎಂದೆ. ಅವಳು ಕೊಡ ತೆಗೆದುಕೊಂಡಳು.

ನೀರಿನ ಟ್ಯಾಂಕು ದಿಣ್ಣೆಯ ಕೆಳಗೆ, ಗಿಡಗಳು ಮೇಲೆ. ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಹತ್ತಬೇಕು. ಐದನೇ ಕೊಡಕ್ಕೆ ಅವಳ ಉಸಿರು ಸದ್ದು ಮಾಡತೊಡಗಿತು. ಎಂಟನೆಯದಕ್ಕೆ ಸೀರೆಯೆಲ್ಲ ಒದ್ದೆ. ಹತ್ತನೆಯದಕ್ಕೆ ಕಾಲು ಜಾರಿ ಮೊಣಕಾಲು ಒಡೆಯಿತು. ಚೆಲ್ಲಿತಲ್ಲ, ಇನ್ನೊಂದು ತರಬೇಕು ಎಂದು ಯಾರೋ ಅಂದರು. ತಂದಳು. ಗೇಟಿನ ಹೊರಗೆ ಕಪ್ಪು ಕುರಿ ಕೂಗುತ್ತಿತ್ತು. ಒಂದೇ ಸಮ ಕೂಗುತ್ತಿತ್ತು. ಹದಿನೈದನೆಯದರ ಹೊತ್ತಿಗೆ ಕಾರಿನ ಎಸಿ ನಿಂತಿತ್ತು. ಡ್ರೈವರು ಬೀಗದ ಕೈ ಜೇಬಿಗೆ ಹಾಕಿಕೊಂಡು ಟೀ ಕುಡಿಯಲು ಹೋಗಿದ್ದ. ಅದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಾನು ಫೋನಿನ ಒಳಗಿನ ಅಜ್ಜಿಯನ್ನು ನೋಡುತ್ತಿದ್ದೆ. ಇಪ್ಪತ್ತರ ಮೇಲೆ ಅವಳು ಕಿವಿ ಹಿಡಿದುಕೊಳ್ಳಲು ಕೈ ಎತ್ತಲಾರದೆ ಹೋದಳು. ಕೈ ಕಾಣಲಿ ಅಜ್ಜಿ ಎಂದು ಕೀರ್ತನಾ ಮೆತ್ತಗೆ ಹೇಳಿದಳು. ಅಜ್ಜಿ ಕೈ ಎತ್ತಿದಳು.

ನಮ್ಮಜ್ಜಿ ಮರಕ್ಕೆ ಕೆಟ್ಟದ್ದು ಮಾಡಿದವಳಲ್ಲ. ಕುರಿಗೆ ಸೊಪ್ಪು ಕಡಿಯುವಾಗ ಪ್ರತಿ ಮರದಲ್ಲೂ ಒಂದು ಕೊಂಬೆ ಮುಟ್ಟದೆ ಬಿಡುತ್ತಾಳೆ. ಅವಳು ಅವತ್ತು ಮೂವತ್ತೊಂದು ಸಲ ತಪ್ಪಾಯ್ತು ಎಂದಳು.

ಮುಗಿದ ಮೇಲೆ ಮಕ್ಕಳು ಚಪ್ಪಾಳೆ ತಟ್ಟಿದರು. ಡ್ರೈವರು ಬರಲು ಇನ್ನೂ ಸ್ವಲ್ಪ ಹೊತ್ತಾಯಿತು. ಕಾರಿನ ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಬಡಿಯಿತು. ಮರಿ ಸೀಟಿನ ಮೂಲೆಯಲ್ಲಿ ಗಾಜಿನ ಕಡೆ ಮೂತಿ ಚಾಚಿಕೊಂಡು ಸತ್ತುಬಿದ್ದಿತ್ತು. ನಾಲಿಗೆ ಹೊರಗಿತ್ತು. ಮೈಮೇಲಿನ ಲೋಳೆ ಒಣಗಿ ಕೂದಲಿಗೆ ಅಂಟಿತ್ತು. ಯಾರೂ ನೆಕ್ಕಿರಲಿಲ್ಲವಲ್ಲ.

ಕೀರ್ತನಾ ಅತ್ತಳು. ನಿಜವಾಗಿಯೇ ಅತ್ತಳು. ಗೆಳತಿಯರು ಅವಳನ್ನು ತಬ್ಬಿಕೊಂಡು, ನಿನ್ನ ತಪ್ಪಲ್ಲ, ನೀನು ಉಳಿಸಲು ನೋಡಿದೆ ಎಂದರು. ಆಮೇಲೆ ಅವಳು ಕಣ್ಣೊರೆಸಿಕೊಂಡು, ಕಾರಿನ ಸೀಟು ಒರೆಸು ಎಂದು ನನಗೊಂದು ಬಟ್ಟೆ ಕೊಟ್ಟಳು. ಒರೆಸಿದೆ. ಅಜ್ಜಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತು, ನಾನು ಒರೆಸುವುದನ್ನು ನೋಡಿದಳು. ಮೊಣಕಾಲಿನಿಂದ ರಕ್ತ ಇಳಿದು ಪಾದದ ಮೇಲೆ ಒಣಗಿತ್ತು.

ಸಂಜೆಯೊಳಗೆ ವಿಡಿಯೋ ಹೋಯಿತು. ಜೊತೆಗೆ ಕೀರ್ತನಾ ಮರಿ ಎತ್ತಿಕೊಂಡ ಫೋಟೋ. ಈಗಷ್ಟೇ ಹುಟ್ಟಿದ ಮರಿಯನ್ನೂ ರಕ್ಷಿಸಿದೆವು ಎಂದು ಕೆಳಗೆ ಬರೆದಿತ್ತು. ಮಾರನೆಯ ದಿನ ಫರ್ಹಾನಾ ಶಾಲೆಯ ನಲ್ಲಿಯ ಹತ್ತಿರ ನನ್ನ ಕೈ ಹಿಡಿದುಕೊಂಡಳು. ವಿಡಿಯೋದ ತುಂಬ ಕುರಿ ಕೂಗೇ ಇತ್ತಂತೆ. ಅದು ಕೇಳದಿರಲಿ ಎಂದು ಕೀರ್ತನಾ ಕೊಳಲು ಹಾಕಿಸಿದಳಂತೆ. ನಾನೇ ಹಾಕ್ದೆ, ನನ್ನ ಕೈಯಾರೆ ಹಾಕ್ದೆ ಎಂದು ಅತ್ತಳು. ಅವಳಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ.

ಕಪ್ಪು ಕುರಿಯ ಕೆಚ್ಚಲು ಕಲ್ಲಾಯಿತು. ಅಜ್ಜಿ ಬೇಲಿಯ ಹತ್ತಿರ ಕೂತು ಗಿಣ್ಣು ಹಾಲನ್ನು ನೆಲಕ್ಕೆ ಹಿಂಡಿದಳು. ಅವತ್ತಿನಿಂದ ಅವಳು ಕುರಿಗಳನ್ನು ಕರೆಯುವುದು ನಿಲ್ಲಿಸಿದಳು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ಅಜ್ಜಿಯದು ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಹೊರಡಿಸುವ ಉದ್ದನೆಯ ಸದ್ದು, ಕೊನೆಯಲ್ಲಿ ಒಂದು ಹೋಯ್. ದಿಣ್ಣೆಯ ಆಚೆ ತುದಿಯಲ್ಲಿದ್ದರೂ ನಮ್ಮ ಕುರಿ ತಲೆ ಎತ್ತುತ್ತಿದ್ದವು. ಈಗ ಅವಳು ಕೋಲಿನಿಂದ ಹೊಡೆದುಕೊಂಡು ಬರತೊಡಗಿದಳು. ಯಾಕಜ್ಜಿ ಎಂದು ಕೇಳಿದೆ. ಮೂರು ದಿನದಲ್ಲಿ ಅವಳು ನನ್ನ ಜೊತೆ ಆಡಿದ ಮಾತು ಇದೊಂದೇ.

"ನೀನ್ ಹೇಳಂದೆ, ನಾನ್ ಹೇಳ್ದೆ. ಆ ಬಾಯಾಗೆ ಇನ್ನೇನ್ ಕರೀಲಿ."

ಇಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನ ಯಾವುದೋ ಪ್ರತಿಷ್ಠಾನದವರು ವಿಡಿಯೋ ನೋಡಿ ಕೀರ್ತನಾಳಿಗೆ ಯುವಸೇವಾ ಪ್ರಶಸ್ತಿ ಕೊಡುತ್ತೇವೆ ಎಂದರು. ಯುಗಾದಿಗೆ ಹತ್ತು ದಿನ ಮುಂಚೆ, ಬೆಳಿಗ್ಗೆ ಹತ್ತೂವರೆಗೆ, ದಿಣ್ಣೆಯ ಬುಡದಲ್ಲೇ ಕಾರ್ಯಕ್ರಮ. ವಿಡಿಯೋದ ಅಜ್ಜಿ ಬರಲೇಬೇಕು, ಅತಿಥಿಗಳ ಮುಂದೆ ಒಂದು ಗಿಡಕ್ಕೆ ನೀರು ಹಾಕಿ ಅದೇ ಮಾತು ಹೇಳಬೇಕು. ಅವಳಿಗೊಂದು ಹೊಸ ಮರಿ ಉಡುಗೊರೆ. ನಾನು ಮೈಕಿನಲ್ಲಿ ಅಜ್ಜಿಯ ಮನಪರಿವರ್ತನೆಯ ಕಥೆ ಓದಬೇಕು. ದಯಾನಂದ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಮುಂದಿನ ವರ್ಷದ ನಿನ್ನ ಸೀಟಿನ ವಿಷಯ ಇದೇ ವಾರ ಕಮಿಟಿಯ ಮುಂದೆ ಬರುತ್ತದೆ, ಚೆನ್ನಾಗಿ ಓದು ಎಂದರು. ಏನು ಓದಬೇಕು ಎಂದು ನಾನು ಕೇಳಲಿಲ್ಲ. ಅವರು ಕಂಬಳಿಯ ಮಾತೂ ಹೇಳಿದರು. ಅಜ್ಜಿ ಕಂಬಳಿ ಹೊದ್ದು ಬಂದರೆ ಫೋಟೋದಲ್ಲಿ ಕುರುಬಿತ್ತಿ ಅಂತ ಗೊತ್ತಾಗುತ್ತಂತೆ. ಮಾರ್ಚಿನ ಬಿಸಿಲಿಗೆ ಕಂಬಳಿ.

ಅಜ್ಜಿ ಬಂದಳು. ನನಗೋಸ್ಕರ ಬಂದಳು, ನನ್ನ ಸೀಟಿಗೋಸ್ಕರ. ಕಂಬಳಿ ಹೊದ್ದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತಳು. ಕುತ್ತಿಗೆಗೆ ಕೆಂಪು ರಿಬ್ಬನ್ನು ಕಟ್ಟಿದ ಮರಿಯನ್ನು ಅವಳ ತೊಡೆಯ ಮೇಲಿಟ್ಟರು. ಯಾವ ಸಂತೆಯಲ್ಲಿ ಯಾವ ತಾಯಿಯಿಂದ ಕಿತ್ತು ತಂದಿದ್ದರೋ, ಅದು ಅವಳ ಬೆರಳು ಚೀಪುತ್ತಿತ್ತು. ಮುಂದೆ ನೂರು ಜನ. ಶಾಲೆಯ ಮಕ್ಕಳೆಲ್ಲ ಫೋನು ಎತ್ತಿ ಹಿಡಿದಿದ್ದರು. ನಾನು ಮೈಕಿನ ಕಡೆ ಹೋಗುವಾಗ ಫರ್ಹಾನಾ ಹೂವಿನ ತಟ್ಟೆ ಹಿಡಿದುಕೊಂಡು ಎದುರಿಗೆ ಬಂದಳು. ನನ್ನ ಕೈಗೆ ಏನೋ ತುರುಕಿದಳು. ಗೇಟಿನ ಬೀಗದ ಕೈ. ನಾನು ಕೇಳಿರಲಿಲ್ಲ. ಅವಳು ನನ್ನ ಮುಖ ಕೂಡ ನೋಡದೆ ಮುಂದೆ ಹೋದಳು.

ಹಾಳೆಯಲ್ಲಿ ಮೊದಲ ಸಾಲು, ನಮ್ಮಜ್ಜಿಗೆ ಗಿಡಗಳ ಬೆಲೆ ಗೊತ್ತಿರಲಿಲ್ಲ ಎಂದಿತ್ತು. ಅದನ್ನು ಓದಲು ಬಾಯಿ ತೆರೆದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಕಾರಿನ ಸೀಟು ಒರೆಸುವಾಗ ನೋಡಿದ ಹಾಗೆಯೇ ನೋಡುತ್ತಿದ್ದಳು. ಹಾಳೆ ಮಡಚಿದೆ.

"ನಮ್ಮಜ್ಜಿ ಮೂವತ್ತೊಂದು ಸಲ ತಪ್ಪಾಯ್ತು ಅಂದವ್ಳೆ. ನಾನೇ ಅನ್ನಿಸ್ದೆ, ನಾನೇ ವಿಡಿಯೋ ಹಿಡ್ದೆ. ನೀವು ರಕ್ಷಿಸಿದ ಮರಿ ನಿಮ್ಮ ಕಾರಾಗೆ ಬೆಂದು ಸತ್ತೈತೆ. ಅದಕ್ಕೆ ಒಂದ್ಸಲ ತಪ್ಪಾಯ್ತು ಅನ್ರಿ. ಒಂದೇ ಒಂದ್ಸಲ. ನಾವು ಕೊಡ ಹೊರಿಸಲ್ಲ, ಕಿವಿ ಹಿಡಿಸಲ್ಲ."

ನಾನು ಕೀರ್ತನಾಳ ಕಡೆ ನೋಡಿ ಕಾದೆ. ನಿಜವಾಗಿಯೂ ಕಾದೆ. ಅಂದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ. ಅವಳ ತುಟಿ ಅಲುಗಿತು. ಆಮೇಲೆ ಅವಳು ಅತಿಥಿಗಳ ಕಡೆ ತಿರುಗಿ, ಬೇಸರದಿಂದ ನಕ್ಕು, ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪಾಪ, ಹುಡುಗಿಗೆ ಒತ್ತಡ ಜಾಸ್ತಿಯಾಗಿದೆ ಎಂಬರ್ಥದ ಮಾತು. ದಯಾನಂದ ಸರ್ ಮೈಕು ಕಿತ್ತುಕೊಂಡರು. ಮೆಲ್ಲಗೆ, ಹಲ್ಲು ಕಚ್ಚಿಕೊಂಡು, ಕುರಿ ಕಾಯೋ ಬುದ್ಧಿ ಬಿಡಲ್ಲ ನೀವು ಎಂದರು.

ನಾನು ವೇದಿಕೆ ಇಳಿದು ಗೇಟಿಗೆ ಹೋದೆ. ಬೀಗ ತೆಗೆದೆ. ಎರಡೂ ಬಾಗಿಲು ಪೂರ್ತಿ ತಳ್ಳಿ ಕಲ್ಲು ಒತ್ತಿಟ್ಟೆ. ಬದುವಿಗೆ ಸುರಿದಿದ್ದ ಕಲ್ಲುಗಳಲ್ಲೇ ಎರಡು.

"ಕುರೀನ ಕರಿ ಅಜ್ಜಿ" ಎಂದೆ.

ಅಜ್ಜಿ ಎದ್ದಳು. ಕಂಬಳಿ ತೆಗೆದು ಕುರ್ಚಿಯ ಮೇಲೆ ಹಾಕಿದಳು. ನಡೆದುಹೋಗಿ ರಿಬ್ಬನ್ನಿನ ಮರಿಯನ್ನು ಕೀರ್ತನಾಳ ತೊಡೆಯ ಮೇಲಿಟ್ಟಳು.

"ಇದೂ ಹಸ್ಕೊಂಡೈತೆ. ನೀವೇ ಕುಡಿಸ್ರಿ."

ಗೇಟಿನ ಹತ್ತಿರ ಬಂದು ಚಪ್ಪಲಿ ಬಿಟ್ಟಳು. ಆಮೇಲೆ ಕರೆದಳು. ಮೈಕು ಬೇಕಾಗಲಿಲ್ಲ. ಮೊದಲ ಸಲ ಬರೀ ನಾಲಿಗೆಯ ಸದ್ದು, ಎರಡನೇ ಸಲಕ್ಕೆ ಕೊನೆಯ ಹೋಯ್ ಕೂಡ ಬಂತು. ಹಟ್ಟಿಯಲ್ಲಿ ಕುರಿ ಕೂಡುವ ರೊಪ್ಪದ ಮುಳ್ಳುಬೇಲಿ ಮುರಿಯುವ ಸದ್ದಾಯಿತು. ಕಪ್ಪು ಕುರಿ ಮುಂದೆ, ಅದರ ಹಿಂದೆ ನಮ್ಮ ಇಪ್ಪತ್ತೊಂದು, ಅವುಗಳ ಹಿಂದೆ 'ಎಲ್ಲಿಗೆ' ಎಂದು ಕೇಳದೆ ಇಡೀ ಹಟ್ಟಿಯ ಗಬ್ಬದ ಕುರಿ, ಮರಿ. ಕುರ್ಚಿಗಳ ನಡುವೆ ನುಗ್ಗಿದವು. ಶಾಮಿಯಾನದ ಹಗ್ಗ ಕಿತ್ತಿತು. ಹೂವಿನ ಹಾರ ಹೋಯಿತು. ಗೇಟು ದಾಟಿ ದಿಣ್ಣೆ ಹತ್ತಿದವು. ಬಸರಿ ತಿಂದವು, ನೇರಳೆ ತಿಂದವು, ಆಲ ತಿಂದವು. ಆ ಮೂವತ್ತೊಂದು ಗಿಡದ ಸಾಲಿಗೆ ಅಜ್ಜಿ ತಾನೇ ಮುಂದೆ ನಿಂತು ಹೊಡೆದುಕೊಂಡು ಹೋದಳು. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿನ್ನಿಸಿದಳು. ಕಪ್ಪು ಕುರಿ ಮಾತ್ರ ಏನೂ ತಿನ್ನಲಿಲ್ಲ. ತಾನು ಈದ ಗುಂಡಿಯನ್ನು ಮೂಸುತ್ತಾ ಸುತ್ತುತ್ತಿತ್ತು.

ಕ್ವಾರಿಯ ಆಳುಗಳು ದೊಣ್ಣೆ ಹಿಡಿದು ಬರುವವರೆಗೆ ಇಷ್ಟು ನಡೆಯಿತು. ಅವರು ಗಬ್ಬದ ಕುರಿಗಳ ಹೊಟ್ಟೆಗೇ ಹೊಡೆದರು. ಎರಡು ಕಂದು ಹಾಕಿದವು. ಕಪ್ಪು ಕುರಿ ಗುಂಡಿ ಬಿಟ್ಟು ಏಳಲಿಲ್ಲ, ಅದರ ಸೊಂಟ ಮುರಿದರು. ಅಜ್ಜಿಯನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ತಪ್ಪಾಯ್ತು ಅನ್ನು, ಅಷ್ಟು ಬರೆದುಕೊಂಡು ಬಿಡ್ತೀವಿ ಎಂದರು. ಅವಳು ಅನ್ನಲಿಲ್ಲ. ನನಗೆ ಮೂರೇ ದಿನದಲ್ಲಿ ಟಿ.ಸಿ. ಕೊಟ್ಟರು. ಗುಣನಡತೆ ತೃಪ್ತಿಕರವಲ್ಲ ಎಂದು ಬರೆದಿದೆ. ಬೇರೆ ಶಾಲೆಯವರು ಮೊದಲು ನೋಡುವುದು ಆ ಸಾಲನ್ನೇ. ಫರ್ಹಾನಾಳಿಗೂ ಕೊಟ್ಟರು.

ದಿಣ್ಣೆಗೆ ಈಗ ಕಾಂಕ್ರೀಟ್ ಕಂಬ, ಎರಡಾಳೆತ್ತರದ ಬೇಲಿ, ಒಬ್ಬ ಕಾವಲುಗಾರ. ಹೊಸ ಸಸಿ ನೆಟ್ಟಿದ್ದಾರೆ. ಕೀರ್ತನಾಳಿಗೆ ಹೊರದೇಶದ ಕಾಲೇಜು ಸಿಕ್ಕಿತು. ಅಲ್ಲಿಗೆ ಬರೆದ ಪ್ರಬಂಧದಲ್ಲಿ, ದಾರಿ ತಪ್ಪಿದ ಒಬ್ಬ ಕುರಿಗಾಹಿ ಹುಡುಗಿಯನ್ನು ತಾನು ಕ್ಷಮಿಸಿದ ವಿಷಯ ಬರೆದಿದ್ದಾಳಂತೆ. ಅವತ್ತು ಎಷ್ಟೋ ಫೋನುಗಳು ಎಲ್ಲವನ್ನೂ ಹಿಡಿದವು. ಒಂದು ವಿಡಿಯೋವೂ ಹೊರಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗೇಟು ತೆಗೆದಾಗ ಹನ್ನೊಂದು ಗಂಟೆ. ದೊಣ್ಣೆ ಬಂದದ್ದು ಹನ್ನೊಂದು ಇಪ್ಪತ್ತಕ್ಕೆ. ಅಷ್ಟು ಹೊತ್ತು ಅದು ಮತ್ತೆ ಮರಿದಿಣ್ಣೆಯಾಗಿತ್ತು. ಕೀರ್ತನಾಳ ನೀಲಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ಈಗ ಬರೆದುಕೊಳ್ಳಲಿ. ಹೆಸರು ಚೌಡೇಶ್ವರಿ. ಸ್ಥಳ ಸ್ವಂತ ಊರು. ಮಾಡಿದ ಸೇವೆ, ಗೇಟು ತೆಗೆದದ್ದು. ಅವಧಿ ಇಪ್ಪತ್ತು ನಿಮಿಷ.